ಮಕ್ಕಳ ಫುಟ್ಬಾಲ್‌ಗೆ ರೆಫ್ರಿಯಾಗಿ ನಿಲ್ಲುವವರು ಏನೇನು ತಯಾರಿ ಮಾಡ್ಕೋಬೇಕು? (ಕಾರವಾರ)

ಕೋಡಿಬಾಗ_ಕಟ್ಟೆ:

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ನಮ್ಮ ಕಡೆ ಮಕ್ಕಳ ಫುಟ್ಬಾಲ್ ಟೂರ್ನಮೆಂಟ್ ಇಟ್ಟಿದ್ದಾರೆ. 12 ವರ್ಷದ ಒಳಗಿನವರಿಗೆ ಏಳೇಳು ಜನರ ಆಟ, 14ರ ಒಳಗಿನವರಿಗೆ ಹನ್ನೊಂದು ಜನರ ಆಟ. ಭಾನುವಾರ ಸಂಜೆ 4ಕ್ಕೆ ಶುರು, ದಿನಕ್ಕೆ ಎರಡು ಮ್ಯಾಚ್, ದೊಡ್ಡ ಮಕ್ಕಳದ್ದು 30 ನಿಮಿಷದ ಎರಡು ಹಾಫ್. ದುಡ್ಡು ಕೊಟ್ಟು ರೆಫ್ರಿ ಕರೆಸುವಷ್ಟು ಬಜೆಟ್ ಇಲ್ಲ, ಸ್ವಯಂಸೇವಕರು ಬೇಕು ಅಂದರು, ಹೆಸರು ಕೊಟ್ಟಿದ್ದೇನೆ. ಆಟ ಚೆನ್ನಾಗಿ ಗೊತ್ತು, ಸೀಟಿ ಹಿಡಿದು ಅಭ್ಯಾಸ ಇಲ್ಲ.

ತಿಳಿದವರು ಇಷ್ಟು ಹೇಳಿ: ಜೊತೆಗೆ ಏನೇನು ಇಟ್ಟುಕೊಳ್ಳಬೇಕು? ತರಬೇತಾದ ಲೈನ್‌ಮನ್ ಇಲ್ಲದೆ ಆಫ್‌ಸೈಡ್ (ಪಾಸ್ ಹೊರಡುವಾಗ ಮುಂದಿನ ಆಟಗಾರ ಚೆಂಡಿಗಿಂತಲೂ ಎದುರು ಟೀಮಿನ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರ ಇರೋದು) ನೋಡೋದು ಹೇಗೆ? ಇಷ್ಟು ಸಣ್ಣ ಮಕ್ಕಳಿಗೆ ಕಾರ್ಡ್ ತೋರಿಸಬೇಕಾ? ಹೊರಗಿನಿಂದ ಕೂಗುವ ಪಾಲಕರನ್ನು ಏನು ಮಾಡೋದು? ಇನ್ನೊಂದು, ನನ್ನ ಮಗ 14ರ ಒಳಗಿನ ಒಂದು ಟೀಮಿನಲ್ಲಿದ್ದಾನೆ. ಅವನ ಮ್ಯಾಚಿಗೆ ನಾನೇ ನಿಂತರೆ ಅಡ್ಡಿಯಿದೆಯಾ?

ಸೀಟಿ_ಮಾಸ್ತರ:

ಕೊನೆಯ ಪ್ರಶ್ನೆಗೆ ಮೊದಲ ಉತ್ತರ. ಮಗನ ಮ್ಯಾಚಿಗೆ ನಿಲ್ಲಬೇಡಿ. ನೀವು ಎಷ್ಟೇ ನಿಷ್ಪಕ್ಷಪಾತಿಯಾಗಿದ್ದರೂ ಎದುರು ಟೀಮಿನವರು ಒಂದೊಂದು ಸೀಟಿಯನ್ನೂ ಅನುಮಾನದಿಂದಲೇ ನೋಡುತ್ತಾರೆ, ಮಗನೂ ಮುಜುಗರದಲ್ಲಿ ಆಡುತ್ತಾನೆ. ಆ ಹೊತ್ತಿಗೆ ಇನ್ನೊಬ್ಬರ ಜೊತೆ ಮ್ಯಾಚ್ ಬದಲಾಯಿಸಿಕೊಳ್ಳಿ ಅಥವಾ ಸ್ಕೋರು ಬರೆಯಲು ಕೂತುಕೊಳ್ಳಿ.

ಎರಡನೆಯದು ವೇಳಾಪಟ್ಟಿ. ಇದನ್ನು ಸಂಘಟಕರಿಗೆ ಇವತ್ತೇ ಹೇಳಿ. ಡಿಸೆಂಬರಿನಲ್ಲಿ ಕಾರವಾರದಲ್ಲಿ ಸಂಜೆ 6 ದಾಟುತ್ತಿದ್ದ ಹಾಗೆ ಹೊತ್ತು ಮುಳುಗುತ್ತದೆ. 30+30, ನಡುವೆ 10 ನಿಮಿಷ, ಗಾಯ, ಬದಲಿ ಎಲ್ಲ ಸೇರಿ ಒಂದು ಮ್ಯಾಚಿಗೆ 75 ನಿಮಿಷ ಹಿಡಿಯುತ್ತದೆ. 4ಕ್ಕೆ ಶುರುವಾದದ್ದು 5.15ಕ್ಕೆ ಮುಗಿದರೆ ಎರಡನೆಯ ಮ್ಯಾಚಿನ ಸೆಕೆಂಡ್ ಹಾಫ್ ಕತ್ತಲಲ್ಲೇ. ಲೈಟ್ ಇಲ್ಲದ ಮೈದಾನವಾದರೆ 2.45ಕ್ಕೆ ಶುರು ಮಾಡಿ, ಸಣ್ಣವರ ಮ್ಯಾಚನ್ನು ಮೊದಲು ಇಡಿ. ಕತ್ತಲಾಯಿತೆಂದು ಅರ್ಧಕ್ಕೆ ನಿಂತ ಮ್ಯಾಚಿನಷ್ಟು ಜಗಳ ತರುವುದು ಬೇರೆ ಇಲ್ಲ.

ಈಗ ಸಾಮಾನು. ಸೀಟಿ ಎರಡು, ಒಳಗೆ ಗುಂಡು ಇಲ್ಲದ್ದು (ಫಾಕ್ಸ್ 40 ಥರದ್ದು). ಗುಂಡಿನ ಸೀಟಿಯೊಳಗೆ ಎಂಜಲು, ಮಳೆನೀರು, ದಂಡೆಯ ಉಸುಕು ಯಾವುದು ಸೇರಿದರೂ ಗುಂಡು ಅಂಟಿಕೊಳ್ಳುತ್ತದೆ, ಬೇಕಾದಾಗಲೇ ಸದ್ದು ಬರುವುದಿಲ್ಲ. ವಾಚ್ ಎರಡು: ಒಂದು ನಿಲ್ಲದೆ ಓಡಲಿ, ಇನ್ನೊಂದನ್ನು ಗಾಯವಾದಾಗ ನಿಲ್ಲಿಸಿ, ಎರಡರ ವ್ಯತ್ಯಾಸವೇ ನೀವು ಕೊಡಬೇಕಾದ ಹೆಚ್ಚುವರಿ ಸಮಯ. ಟಾಸಿಗೆ ನಾಣ್ಯ, ಹಳದಿ ಮತ್ತು ಕೆಂಪು ಕಾರ್ಡ್ ಬೇರೆ ಬೇರೆ ಕಿಸೆಯಲ್ಲಿ. ಬರೆಯಲು ಪೆನ್ಸಿಲ್ ಮತ್ತು ದಪ್ಪ ರಟ್ಟು. ಬೆವರು ಹತ್ತಿದ ಕಾಗದದ ಮೇಲೆ ಬಾಲ್‌ಪೆನ್ ಓಡುವುದಿಲ್ಲ. ಲೈನಿಗೆ ನಿಲ್ಲುವವರಿಗೆ ಎರಡು ಬಾವುಟ. ಪಂಪು, ಸೂಜಿ. ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಿ, ಒಣ ಸೂಜಿ ವಾಲ್ವನ್ನು ಹರಿಯುತ್ತದೆ. ನಿಮ್ಮ ಅಂಗಿಯ ಬಣ್ಣ ಎರಡೂ ಟೀಮಿಗಿಂತ ಬೇರೆಯಿರಲಿ. ಟೀಮುಗಳ ಜರ್ಸಿಯೇ ಒಂದಕ್ಕೊಂದು ಹೋಲುತ್ತಿದ್ದರೆ ತೊಡಿಸಲು ಬಿಬ್‌ನ (ಜರ್ಸಿಯ ಮೇಲೆ ಹಾಕುವ ತೋಳಿಲ್ಲದ ಬಣ್ಣದ ಅಂಗಿ) ಒಂದು ಸೆಟ್ ಸಂಘಟಕರ ಹತ್ತಿರ ಇರಬೇಕು.

ಚೆಂಡು: 14ರ ಒಳಗಿನವರಿಗೆ 5 ನಂಬರ್ (ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ), 12ರ ಒಳಗಿನವರಿಗೆ 4 ನಂಬರ್. ನಿಯಮದಲ್ಲಿ ಗಾಳಿ 8.5ರಿಂದ 15.6 ಪಿಎಸ್ಐ ತನಕ ಇರಬಹುದು. ಮಕ್ಕಳಿಗೆ ಕೆಳಗಿನ ಅಂಚಿನ ಹತ್ತಿರ ಇಟ್ಟರೆ ಹೆಡ್ ಮಾಡುವಾಗ ಪೆಟ್ಟು ಕಡಿಮೆ.

ಮ್ಯಾಚಿಗೆ 45 ನಿಮಿಷ ಮೊದಲು ಮೈದಾನಕ್ಕೆ ಹೋಗಿ. ಎಲ್ಲಕ್ಕಿಂತ ಮೊದಲು ಗೋಲ್‌ಪೋಸ್ಟ್ ಹಿಡಿದು ಅಲುಗಾಡಿಸಿ. ನೆಲಕ್ಕೆ ಹೂಳದ, ಎತ್ತಿಡುವ ಕಬ್ಬಿಣದ ಪೋಸ್ಟು ಮುಂದಕ್ಕೆ ಮಗುಚಿ ಮಕ್ಕಳ ಜೀವ ಹೋದದ್ದು ಎಷ್ಟೋ ದೇಶಗಳಲ್ಲಿ ಇದೆ. ಹಿಂದಿನ ಅಡ್ಡಪಟ್ಟಿಯ ಮೇಲೆ ಉಸುಕು ತುಂಬಿದ ಚೀಲ ಹೇರಿಸಿ. ಸಿಮೆಂಟ್ ಚೀಲಕ್ಕೆ ಅರ್ಧ ಉಸುಕು ತುಂಬಿದರೆ 25 ಕಿಲೋ ಮೇಲೆ ಆಗುತ್ತದೆ. ಒಂದೊಂದು ಪೋಸ್ಟಿಗೆ ನಾಲ್ಕು ಚೀಲ ಇಟ್ಟು, ಹಗ್ಗದಿಂದ ಪಟ್ಟಿಗೆ ಬಿಗಿದು, ಆಮೇಲೆ ಮೇಲಿನ ಬಾರ್ ಹಿಡಿದು ಮುಂದಕ್ಕೆ ಎಳೆದು ನೋಡಿ. ಏಳಲೇಬಾರದು. ಎದ್ದರೆ ಇನ್ನೂ ಚೀಲ ಇಡಿಸಿ, ಅಲ್ಲಿಯವರೆಗೆ ಮ್ಯಾಚ್ ಬೇಡ. ನಮ್ಮೂರಲ್ಲಿ ಉಸುಕಿಗೇನು ಬರವಿಲ್ಲ.

ನಂತರ ಮೈದಾನ ಪೂರ್ತಿ ನಡೆಯಿರಿ. ಮುರ ಹಾಕಿದ ಕಡೆ ಚಿರೆಕಲ್ಲಿನ ಚೂರು ಎದ್ದಿರುತ್ತದೆ, ಬಿದ್ದ ಮೊಣಕಾಲು ಸಿಗಿದು ಹೋಗುತ್ತದೆ. ದಂಡೆಯ ಹತ್ತಿರದ ಮೈದಾನವಾದರೆ ಬಾಟಲಿ ಗಾಜು ನೋಡಿ. ಗೆರೆ ಎಳೆಯಲು ಸುಣ್ಣ ತಂದಿದ್ದರೆ ಬೇಡ ಅನ್ನಿ: ಬೆವರು, ನೀರು ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ. ರಂಗೋಲಿ ಪುಡಿ ಸಾಕು.

ಮಕ್ಕಳ ತಪಾಸಣೆಯನ್ನು ಕೋಚ್ ಎದುರಿಗೇ ಮಾಡಿ. ಬೂಟಿನ ಸ್ಟಡ್ (ಅಡಿಯ ಗುಬಟು) ಹರಿತವಾಗಿದೆಯೇ ನೋಡಿ. ಶಿನ್ ಗಾರ್ಡ್ ಕಡ್ಡಾಯ, ಕಾಲುಚೀಲದ ಒಳಗೇ ಇರಬೇಕು. ಬರಿಗಾಲಲ್ಲಿ ಆಡುತ್ತೇನೆ ಅನ್ನುವ ಹುಡುಗರು ನಮ್ಮಲ್ಲಿ ಸಿಗುತ್ತಾರೆ. ದಂಡೆಯ ಮೇಲಿನ ಬೀಚ್ ಸಾಕರ್ ಬರಿಗಾಲಿನದ್ದೇ, ಆದರೆ ಮೈದಾನದ ಆಟಕ್ಕೆ ಬೂಟು ಬೇಕೇ ಬೇಕು. ಇದನ್ನು ಟೀಮುಗಳಿಗೆ ಎರಡು ವಾರ ಮೊದಲೇ ತಿಳಿಸಿದರೆ ಆ ದಿನ ಮಕ್ಕಳು ಅಳುವುದು ತಪ್ಪುತ್ತದೆ. ಕಡಗ, ಓಲೆ, ಸರ, ಉಂಗುರ, ಕೈಯ ರಬ್ಬರ್ ಬ್ಯಾಂಡ್ ಎಲ್ಲ ತೆಗೆಯಬೇಕು. ಮೇಲೆ ಟೇಪ್ ಸುತ್ತಿದರೆ ಆಗುವುದಿಲ್ಲ, ನಿಯಮದಲ್ಲೇ ಅದಕ್ಕೆ ಅವಕಾಶ ಇಲ್ಲ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡವರು ಆಡಬಹುದು, ಪಿನ್ನು ಚುಚ್ಚಿರಬಾರದು ಅಷ್ಟೇ.

ಟಾಸ್ ಗೆದ್ದವರು ಗೋಲ್ ಆರಿಸಿಕೊಳ್ಳಬಹುದು ಇಲ್ಲವೇ ಕಿಕ್‌ಆಫ್ ತೆಗೆದುಕೊಳ್ಳಬಹುದು. ಮೈದಾನ ಪೂರ್ವ-ಪಶ್ಚಿಮ ಇದ್ದರೆ ಸಂಜೆ ಸಮುದ್ರದ ಕಡೆ ಮುಖ ಮಾಡಿದ ಗೋಲಿಗೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತದೆ. ಹೊಸದಾಗಿ ಗುರುತು ಹಾಕುವುದಿದ್ದರೆ ಉತ್ತರ-ದಕ್ಷಿಣ ಹಾಕಿಸಿ.

ಬಾವುಟ_ಬಡಿಗೆ:

ಸೀಟಿ ಮಾಸ್ತರು ಮೈದಾನದ್ದು ಹೇಳಿದ್ದಾರೆ, ನಾನು ಆಫ್‌ಸೈಡ್ ಮತ್ತು ನಿಲ್ಲುವ ಜಾಗದ್ದು ಹೇಳುತ್ತೇನೆ.

12ರ ಒಳಗಿನ ಏಳು ಜನರ ಆಟಕ್ಕೆ ಆಫ್‌ಸೈಡ್ ಇದೆಯೋ ಇಲ್ಲವೋ ಎಂದು ಟೂರ್ನಮೆಂಟ್ ನಿಯಮದಲ್ಲಿ ಬರೆಸಿಕೊಳ್ಳಿ. ಸಣ್ಣ ಮೈದಾನಗಳಲ್ಲಿ ಹೆಚ್ಚಿನವರು ಇಡುವುದಿಲ್ಲ. ಹಾಗೇ ಬಿಟ್ಟರೆ ಸೆಮಿಫೈನಲ್ ದಿನ ಜಗಳ ಖಂಡಿತ.

ಹನ್ನೊಂದರ ಆಟದಲ್ಲಿ ಒಂದೊಂದು ಟೀಮಿನಿಂದ ಒಬ್ಬೊಬ್ಬ ದೊಡ್ಡವರನ್ನು ಲೈನಿಗೆ ಕೇಳಿ. ಅವರಿಗೆ ಕೊಡಬೇಕಾದ ಕೆಲಸ ಒಂದೇ: ಚೆಂಡು ಪೂರ್ತಿ ಗೆರೆ ದಾಟಿದಾಗ ಬಾವುಟ ಎತ್ತುವುದು. ಗೆರೆಯ ಮೇಲೆ ಎಳ್ಳಷ್ಟು ಉಳಿದಿದ್ದರೂ ಚೆಂಡು ಒಳಗೇ. ಆಫ್‌ಸೈಡನ್ನು ಅವರ ಕೈಗೆ ಕೊಡಬೇಡಿ. ಸ್ವಂತ ಟೀಮಿನವರು ಎತ್ತಿದ ಬಾವುಟವನ್ನು ಯಾರೂ ನಂಬುವುದಿಲ್ಲ, ಎತ್ತಿದವರಿಗೂ ಅದು ಕಷ್ಟ.

ಆಫ್‌ಸೈಡ್ ತೀರ್ಪು ತಪ್ಪುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಪಾಸ್ ಕೊಡುವವನ ಕಾಲನ್ನು ನೋಡಿ, ಆಮೇಲೆ ಕತ್ತು ತಿರುಗಿಸಿ ಮುಂದಿನವನನ್ನು ನೋಡುತ್ತೇವೆ. ಅಷ್ಟರಲ್ಲಿ ಅರ್ಧ ಸೆಕೆಂಡ್ ಹೋಗಿರುತ್ತದೆ. ಫಾರ್ವರ್ಡ್ ಗೋಲಿನ ಕಡೆ, ಡಿಫೆಂಡರ್ ಇತ್ತ ಕಡೆ, ಇಬ್ಬರೂ ಸೆಕೆಂಡಿಗೆ 4 ಮೀಟರ್ ಓಡುತ್ತಿದ್ದರೆ ಆ ಅರ್ಧ ಸೆಕೆಂಡಿನಲ್ಲಿ ಇಬ್ಬರ ನಡುವೆ 4 ಮೀಟರ್ ಅಂತರ ಬಿದ್ದಿರುತ್ತದೆ. ಪಾಸ್ ಹೊರಟಾಗ ಸಮಸಮ ಇದ್ದ ಹುಡುಗ ನಿಮ್ಮ ಕಣ್ಣಿಗೆ ಪಕ್ಕಾ ಆಫ್‌ಸೈಡ್. ಇದಕ್ಕೆ ಮದ್ದು: ಕಣ್ಣು ಡಿಫೆನ್ಸ್ ಲೈನಿನ ಮೇಲೆ, ಕಿವಿ ಚೆಂಡಿನ ಮೇಲೆ. ಒದೆತದ ಸದ್ದು ಕೇಳಿದ ಕ್ಷಣಕ್ಕೆ ಯಾರು ಎಲ್ಲಿದ್ದರು ಎಂಬುದನ್ನು ಮನಸ್ಸಿನಲ್ಲಿ ಹಿಡಿಯಿರಿ. ಸಮಸಮ ಇದ್ದರೆ ಆಫ್‌ಸೈಡ್ ಅಲ್ಲ. ಕೈ, ತೋಳು ಲೆಕ್ಕಕ್ಕಿಲ್ಲ. ತನ್ನ ಅರ್ಧದಲ್ಲಿದ್ದವನಿಗೆ ಇಲ್ಲ, ಗೋಲ್‌ಕಿಕ್, ಥ್ರೋ, ಕಾರ್ನರಿನಿಂದ ನೇರವಾಗಿ ಚೆಂಡು ಬಂದರೂ ಇಲ್ಲ. ಸುಮ್ಮನೆ ಆ ಜಾಗದಲ್ಲಿ ನಿಂತದ್ದೇ ತಪ್ಪಲ್ಲ; ಚೆಂಡಿಗೆ ಹೋಗಬೇಕು, ಎದುರಾಳಿಗೆ ಅಡ್ಡಿ ಮಾಡಬೇಕು, ಇಲ್ಲವೇ ಪೋಸ್ಟಿಗೋ ಕೀಪರಿಗೋ ಬಡಿದು ಬಂದ ಚೆಂಡಿನ ಲಾಭ ತೆಗೆದುಕೊಳ್ಳಬೇಕು. ಅದಕ್ಕೇ ಒಂದು ಉಸಿರಿನಷ್ಟು ಕಾದು ಸೀಟಿ ಊದಿ.

ಇನ್ನು ನಿಲ್ಲುವ ಜಾಗ. ಮೈದಾನದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡಾಡಿ, ಚೆಂಡಿನಿಂದ 15-20 ಮೀಟರ್ ದೂರ, ಪಕ್ಕದಿಂದ ನೋಡುವ ಹಾಗೆ. ನೇರ ಹಿಂದೆ ಓಡಿದರೆ ಆಡುವವನ ಬೆನ್ನು ಕಾಣುತ್ತದೆ, ಕಾಲು ಕಾಣುವುದಿಲ್ಲ. ಒಬ್ಬರೇ ಇದ್ದಾಗ ಚೆಂಡಿಗಿಂತ ಸ್ವಲ್ಪ ಮುಂದೆ, ಡಿಫೆನ್ಸ್ ಲೈನಿನ ಕಡೆಗೆ ವಾಲಿಕೊಂಡು ಇರಿ. ಮಧ್ಯ ವೃತ್ತದಲ್ಲಿ ಬೇರು ಬಿಟ್ಟು ನಿಂತು 40 ಮೀಟರ್ ದೂರದ ಫೌಲಿಗೆ ಸೀಟಿ ಊದಿದರೆ ತೀರ್ಪು ಸರಿಯಿದ್ದರೂ ಮಕ್ಕಳು ಒಪ್ಪುವುದಿಲ್ಲ. ಹತ್ತಿರದಿಂದ ಬಂದ ಸೀಟಿಗೆ ವಾದ ಹುಟ್ಟುವುದು ಅಪರೂಪ.

ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಬೇಡಿ, ಕೈಯಲ್ಲಿ ಹಿಡಿಯಿರಿ. ಬಾಯಿಗೆ ಒಯ್ಯುವಷ್ಟರಲ್ಲಿ ಅಡ್ವಾಂಟೇಜ್ (ಆಟ ನಿಲ್ಲಿಸದಿದ್ದರೇ ಫೌಲಿಗೆ ಒಳಗಾದ ಟೀಮಿಗೆ ಲಾಭ) ಇದೆಯಾ ನೋಡಲು ಸಮಯ ಸಿಗುತ್ತದೆ. ಕಣ್ಣೆದುರಿಗೇ ಹೊರಗೆ ಹೋದ ಥ್ರೋ, ಗೋಲ್‌ಕಿಕ್‌ಗೆ ಸೀಟಿ ಬೇಡ, ಕೈ ತೋರಿಸಿದರೆ ಸಾಕು. ಸಾದಾ ಫೌಲಿಗೆ ಗಿಡ್ಡ ಊದು, ಪೆನಾಲ್ಟಿಗೆ ಮತ್ತು ಕೆಟ್ಟ ಟ್ಯಾಕಲ್‌ಗೆ ಉದ್ದ, ಜೋರು. ಎಲ್ಲದಕ್ಕೂ ಒಂದೇ ಥರ ಊದುತ್ತಿದ್ದರೆ ಹತ್ತು ನಿಮಿಷದಲ್ಲಿ ಮಕ್ಕಳ ಕಿವಿ ಅದನ್ನು ಬಿಟ್ಟುಬಿಡುತ್ತದೆ.

ಕೋಡಿಬಾಗ_ಕಟ್ಟೆ:

ತುಂಬಾ ಉಪಕಾರ. ಗೋಲ್‌ಪೋಸ್ಟಿನ ವಿಷಯ ನಮ್ಮ ಯಾರ ತಲೆಯಲ್ಲೂ ಇರಲಿಲ್ಲ, ಇವತ್ತೇ ಹೇಳುತ್ತೇನೆ. ಫೌಲ್, ಹ್ಯಾಂಡ್, ಕಾರ್ಡ್ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ಗೋಲ್‌ಕೀಪರ್ 6 ಸೆಕೆಂಡ್‌ಗಿಂತ ಹೆಚ್ಚು ಚೆಂಡು ಹಿಡಿದರೆ ಇನ್‌ಡೈರೆಕ್ಟ್ ಫ್ರೀಕಿಕ್ (ನೇರ ಗೋಲ್ ಹೊಡೆಯಲಾಗದ ಫ್ರೀಕಿಕ್) ತಾನೇ?

ಘಟ್ಟದ_ಮೇಲಿನವ (ಶಿರಸಿ):

6 ಸೆಕೆಂಡಿನದ್ದು ಹಳೆಯದಾಯಿತು. 2025ರ ಜುಲೈಯಿಂದ ಜಾರಿಗೆ ಬಂದ ನಿಯಮದ ಪ್ರಕಾರ 8 ಸೆಕೆಂಡ್, ಮೀರಿದರೆ ಎದುರಾಳಿಗೆ ಕಾರ್ನರ್. ಕೊನೆಯ 5 ಸೆಕೆಂಡನ್ನು ರೆಫ್ರಿ ಕೈಯೆತ್ತಿ ಬೆರಳಿನಲ್ಲಿ ಎಣಿಸಿ ತೋರಿಸಬೇಕು. ಕೀಪರ್ ಚೆಂಡನ್ನು ಗಟ್ಟಿಯಾಗಿ ಹಿಡಿದಲ್ಲಿಂದ ಎಣಿಕೆ. ಟಾಸಿನ ಹೊತ್ತಿಗೇ ಇಬ್ಬರು ಕೀಪರುಗಳಿಗೂ ಹೇಳಿಬಿಡಿ, ಯಾಕೆಂದರೆ ಎಷ್ಟೋ ಕೋಚುಗಳಿಗೇ ಇದು ತಿಳಿದಿಲ್ಲ. ನಿಯಮ ಪುಸ್ತಕ ಐಎಫ್ಎಬಿಯ (ಫುಟ್ಬಾಲ್ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ) ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಒಟ್ಟು 17 ನಿಯಮ. 3, 11, 12ನೇ ನಿಯಮಗಳನ್ನು ಎರಡೆರಡು ಸಲ ಓದಿ.

ಫೌಲನ್ನು ಮೂರು ತೂಕದಲ್ಲಿ ಅಳೆಯಿರಿ. ಗಮನವಿಲ್ಲದೆ ತಾಗಿಸಿದ್ದು: ಬರೀ ಫ್ರೀಕಿಕ್. ಎದುರಿನವನಿಗೆ ಏನಾಗುತ್ತದೆ ಎಂಬ ಪರಿವೆಯೇ ಇಲ್ಲದೆ ನುಗ್ಗಿದ್ದು: ಹಳದಿ. ಅತಿಯಾದ ಬಲ ಹಾಕಿ ಪೆಟ್ಟಾಗುವಂತೆ ಹೋದದ್ದು: ಕೆಂಪು. "ಚೆಂಡಿಗೇ ತಾಗಿದೆ ಸರ್" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಮೊದಲು ಚೆಂಡಿಗೆ ತಾಗಿದರೂ ಹಿಂದೆಯೇ ಸ್ಟಡ್ ಮೇಲೆ ಮಾಡಿ ಮೊಣಕಾಲಿಗೆ ಹೋದರೆ ಫೌಲೇ.

ಹ್ಯಾಂಡ್ ವಿಷಯದಲ್ಲಿ ಪಾಲಕರ ಕೂಗಿಗೆ ಕಿವಿಗೊಡಬೇಡಿ. ಕೈಗೆ ತಾಗಿದ್ದೆಲ್ಲ ತಪ್ಪಲ್ಲ. ಬೇಕೆಂದು ಕೈ ಒಯ್ದರೆ, ಅಥವಾ ಆ ಚಲನೆಗೆ ಸಂಬಂಧವಿಲ್ಲದ ಹಾಗೆ ಕೈ ಚಾಚಿ ಮೈ ಅಗಲಿಸಿಕೊಂಡಿದ್ದರೆ ತಪ್ಪು. ಇನ್ನೊಂದು ನೆನಪಿಡಿ: ಅರಿಯದೆ ತಾಗಿದ್ದರೂ ಸರಿ, ತನ್ನದೇ ಕೈಯಿಂದ, ಇಲ್ಲವೇ ಕೈಗೆ ತಾಗಿದ ತಕ್ಷಣ ತಾನೇ ಹೊಡೆದರೆ ಆ ಗೋಲ್ ಇಲ್ಲ.

ಸಣ್ಣ ಮಕ್ಕಳಿಗೆ ಕಾರ್ಡಿಗಿಂತ ಮೊದಲು ಮಾತು. ಆಟ ನಿಂತಾಗ ಹತ್ತಿರ ಹೋಗಿ, ಎಲ್ಲರ ಕಣ್ಣೆದುರೇ, ಆದರೆ ದನಿ ತಗ್ಗಿಸಿ: "ತಮ್ಮಾ, ಹಿಂದಿಂದ ತಳ್ಳೋದು ಇದು ಎರಡನೇ ಸಲ. ಮೂರನೇ ಸಲ ಕಾರ್ಡ್ ತೆಗಿತೇನೆ." ನಿಮ್ಮ ಕಡೆಯ ಮಕ್ಕಳಿಗೆ ಕೊಂಕಣಿಯಲ್ಲೇ ಹೇಳಿ, ಬೇಗ ತಟ್ಟುತ್ತದೆ. ಆದರೆ ಮೂರನೇ ಸಲ ಆದರೆ ತೆಗೆಯಲೇಬೇಕು. ಹೇಳಿ ತೆಗೆಯದಿದ್ದರೆ ಉಳಿದ 21 ಮಕ್ಕಳೂ ಅದನ್ನು ನೋಡಿರುತ್ತಾರೆ. ಕ್ರಮ ಹೀಗೆ: ಸೀಟಿ, ಹುಡುಗನನ್ನು ಗುಂಪಿನಿಂದ ಎರಡು ಹೆಜ್ಜೆ ಆಚೆ ಕರೆಯುವುದು, ನಂಬರ್ ಬರೆದುಕೊಳ್ಳುವುದು, ಆಮೇಲೆ ಕಾರ್ಡ್ ಎತ್ತುವುದು. ಮೊದಲು ಕಾರ್ಡ್ ಎತ್ತಿ ಗಡಿಬಿಡಿಯಲ್ಲಿ ನಂಬರ್ ತಪ್ಪು ಬರೆದರೆ, ಅದೇ ಹುಡುಗನಿಗೆ ಎರಡನೇ ಹಳದಿ ಬಂದಾಗ ನಿಮ್ಮ ಲೆಕ್ಕ ಕೂಡುವುದಿಲ್ಲ. ಮಕ್ಕಳ ಆಟದಲ್ಲಿ ಹಳದಿಯ ಬದಲು ಕೆಲವು ನಿಮಿಷ ಹೊರಗೆ ಕೂರಿಸುವ ಪದ್ಧತಿಗೂ ನಿಯಮದಲ್ಲಿ ಅವಕಾಶ ಇದೆ, ಆಟದ ಒಟ್ಟು ಸಮಯದ 10ರಿಂದ 15 ಶೇಕಡಾ. 60 ನಿಮಿಷದ ಮ್ಯಾಚಿಗೆ 6 ನಿಮಿಷ ಇಟ್ಟರೆ ಸರಿ. ಹೊರಗೆ ಹೋದವನು ಮತ್ತೆ ಒಳಗೆ ಬರುವ ಬದಲಿ ಆಟವನ್ನೂ ಇಡಬಹುದು. ಎರಡನ್ನೂ ಸಂಘಟಕರು ಮೊದಲೇ ಬರೆದು ಹಂಚಿರಬೇಕು.

ತಲೆಗೆ ಪೆಟ್ಟು ಬಿದ್ದರೆ ಚೆಂಡು ಎಲ್ಲೇ ಇರಲಿ, ತಕ್ಷಣ ನಿಲ್ಲಿಸಿ, ಆಮೇಲೆ ಡ್ರಾಪ್ ಬಾಲ್‌ನಿಂದ (ನೀವೇ ಚೆಂಡನ್ನು ನೆಲಕ್ಕೆ ಬಿಟ್ಟು) ಶುರು ಮಾಡಿ. ಎಚ್ಚರ ತಪ್ಪಿದರೆ, ಸ್ಕೋರು ಎಷ್ಟು ಎಂದರೆ ತಡಬಡಿಸಿದರೆ, ವಾಂತಿ, ತಲೆ ಸುತ್ತು ಬಂದರೆ ಆ ಮಗು ಆ ದಿನ ಮತ್ತೆ ಆಡುವಂತಿಲ್ಲ. "ಆರಾಮಿದ್ದೇನೆ" ಎಂದು ಮಗು ಹೇಳಿದರೂ, ಫೈನಲ್ ಆಗಿದ್ದರೂ, ಕೋಚ್ ಬೇಡಿಕೊಂಡರೂ ಇಲ್ಲ. ಪಾಲಕರ ಜೊತೆ ನೇರ ಆಸ್ಪತ್ರೆಗೆ ಕಳಿಸಿ, ಬೇಕಾದರೆ 108ಕ್ಕೆ ಕರೆ ಮಾಡಿ.

ಡಿಸೆಂಬರಿನಲ್ಲಿ ಗುಡುಗಿನ ಭಯ ಕಡಿಮೆ. ಅಕ್ಟೋಬರ್ ಅಥವಾ ಮೇ ತಿಂಗಳಲ್ಲಿ ನಿಲ್ಲುವವರು ನೆನಪಿಡಿ: ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಎಲ್ಲರನ್ನೂ ಕಟ್ಟಡದೊಳಗೆ ಕಳಿಸಿ, ಗಾಳಿಮರದ ಅಡಿಗಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಆಟ ಬೇಡ.

ಕಾಳಿ_ದಂಡೆ:

ಪಾಲಕರ ವಿಷಯಕ್ಕೆ ಯಾರೂ ಬಂದಿಲ್ಲ. ಉದ್ದನೆಯ ಗೆರೆಯಿಂದ 3 ಮೀಟರ್ ಹಿಂದೆ ಒಂದೇ ಬದಿಗೆ ಹಗ್ಗ ಕಟ್ಟಿಸಿ, ನೋಡುವವರೆಲ್ಲ ಅದರ ಹಿಂದೆ. ಎದುರು ಬದಿಗೆ ಎರಡೂ ಟೀಮಿನ ಕೋಚ್ ಮತ್ತು ಬದಲಿ ಆಟಗಾರರು. ಗೋಲಿನ ಹಿಂದೆ ಒಬ್ಬರೂ ನಿಲ್ಲಬಾರದು. ಕೀಪರ್‌ಗೆ ಹಿಂದಿನಿಂದ ಬಯ್ಯುವುದು ಶುರುವಾಗುವುದೇ ಅಲ್ಲಿ.

ಕೂಗುವ ಪಾಲಕರ ಹತ್ತಿರ ನೀವು ಹೋಗಬೇಡಿ. ರೆಫ್ರಿ ಹಗ್ಗದ ಹತ್ತಿರ ಹೋಗಿ ವಾದಕ್ಕೆ ನಿಂತರೆ ಹತ್ತು ಜನ ಸೇರುತ್ತಾರೆ. ಆಟ ನಿಂತಾಗ ಆ ಟೀಮಿನ ಕೋಚನ್ನು ಕರೆದು, "ನಿಮ್ಮ ಕಡೆಯ ಕೆಂಪಂಗಿಯವರಿಗೆ ನೀವೇ ಹೇಳ್ರಿ, ನಾ ಹೇಳೋದಿಲ್ಲ" ಅನ್ನಿ. ನಿಲ್ಲದಿದ್ದರೆ ಚೆಂಡನ್ನು ಕೈಯಲ್ಲಿ ಹಿಡಿದು ಮಧ್ಯಕ್ಕೆ ಹೋಗಿ ನಿಂತು, ಸಂಘಟಕರು ಅವರನ್ನು ಮೈದಾನದ ಹೊರಗೆ ಕಳಿಸುವ ತನಕ ಕಾಯಿರಿ. ಅದಕ್ಕೂ ಬಗ್ಗದಿದ್ದರೆ ಮ್ಯಾಚ್ ಕೈಬಿಡುವ ಅಧಿಕಾರ ರೆಫ್ರಿಗೆ ಇದೆ. ಕೋಚೇ ಹದ್ದು ಮೀರಿದರೆ 2019ರಿಂದ ಕೋಚ್‌ಗೂ ಹಳದಿ, ಕೆಂಪು ತೋರಿಸಬಹುದು. ಮಕ್ಕಳ ಪೈಕಿ ನಿಮ್ಮ ಹತ್ತಿರ ಕೇಳಲು ಬರುವವನು ಕ್ಯಾಪ್ಟನ್ ಒಬ್ಬನೇ ಎಂದು ಟಾಸಿನಲ್ಲೇ ಹೇಳಿ.

ಮಕ್ಕಳ ರಕ್ಷಣೆಯ ಮಾತು ಕೂಡ ಇದೆ. ಗಾಯ ನೋಡುವುದಿರಲಿ, ಬುದ್ಧಿ ಹೇಳುವುದಿರಲಿ, ಮಗುವಿನ ಜೊತೆ ಒಬ್ಬರೇ ಮರೆಗೆ ಹೋಗಬೇಡಿ. ಬಟ್ಟೆ ಬದಲಿಸುವ ಜಾಗಕ್ಕೆ ಹೋಗುವುದು, ಫೋಟೋ ತೆಗೆಯುವುದು ಬೇಡ. ಯಾವುದೇ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಸಂಘಟಕರಿಗೆ ಹೇಳಿ ಸುಮ್ಮನಾದರೆ ಸಾಲದು. ಮಕ್ಕಳ ಸಹಾಯವಾಣಿ 1098.

ವಯಸ್ಸಿನ ತಕರಾರು ಬಂದರೆ ಅದು ರೆಫ್ರಿಯ ಕೆಲಸವಲ್ಲ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ನೋಡಬೇಕಾದವರು ಸಂಘಟಕರು, ಅದೂ ಮ್ಯಾಚಿಗೆ ಮೊದಲು. ನೀವು ಚೀಟಿಯಲ್ಲಿ ಹೆಸರು, ನಂಬರ್ ಇದ್ದವರನ್ನು ಆಡಿಸಿ. ಹನ್ನೊಂದರ ಆಟದಲ್ಲಿ ಒಂದು ಕಡೆ 7 ಜನಕ್ಕಿಂತ ಕಡಿಮೆ ಇದ್ದರೆ ಶುರು ಮಾಡುವಂತಿಲ್ಲ.

ಕೋಡಿಬಾಗ_ಕಟ್ಟೆ:

ಎಲ್ಲರಿಗೂ ಧನ್ಯವಾದ. ಇದು ಮುಗಿದ ಮೇಲೆ ಮುಂದುವರಿಸಬೇಕು ಅಂತ ಇದೆ. ಶಾಲಾ ಟೂರ್ನಮೆಂಟಿಗೆ ನಿಲ್ಲಲು ಏನು ಮಾಡಬೇಕು?

ಘಟ್ಟದ_ಮೇಲಿನವ (ಶಿರಸಿ):

ಶಾಲಾ ಕ್ರೀಡಾಕೂಟ ನಡೆಸುವುದು ಶಿಕ್ಷಣ ಇಲಾಖೆ, ಸೀಟಿ ಹಿಡಿಯುವುದು ಹೆಚ್ಚಾಗಿ ಪಿಟಿ ಮಾಸ್ತರುಗಳೇ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಎರಡು ಶೈಕ್ಷಣಿಕ ಜಿಲ್ಲೆ. ನಿಮಗೆ ಕಾರವಾರದ್ದು ಅನ್ವಯ. ಜೂನ್‌ನಲ್ಲೇ ಹತ್ತಿರದ ಹೈಸ್ಕೂಲಿನ ಪಿಟಿ ಮಾಸ್ತರನ್ನು ಕಂಡು "ಲೈನಿಗೆ ನಿಲ್ಲುತ್ತೇನೆ" ಎಂದು ಹೇಳಿಡಿ. ಲೈನಿಗೆ ಜನ ಎಲ್ಲ ಕಡೆಯೂ ಕಡಿಮೆ. ಅಧಿಕೃತ ರೆಫ್ರಿ ಆಗಬೇಕೆಂದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಫುಟ್ಬಾಲ್ ಸಂಸ್ಥೆಗೆ ಬರೆದು ಮುಂದಿನ ರೆಫ್ರಿ ಕೋರ್ಸ್ ಯಾವಾಗ ಎಂದು ಕೇಳಿ. ನಿಯಮದ ಪರೀಕ್ಷೆಯ ಜೊತೆ ಓಟದ ಪರೀಕ್ಷೆಯನ್ನೂ ಎದುರಿಸಬೇಕು. ಈಗಿನಿಂದಲೇ 75 ಮೀಟರ್ ಓಟ, 25 ಮೀಟರ್ ನಡಿಗೆ, ಮತ್ತೆ 75 ಓಟ ಹೀಗೆ ಅಭ್ಯಾಸ ಮಾಡಿ, ಫಿಫಾ ಪರೀಕ್ಷೆಯ ಮಾದರಿಯೂ ಇದೇ. ನೀರು ಇಳಿದಾಗ ದಂಡೆಯ ಗಟ್ಟಿ ಉಸುಕಿನ ಮೇಲೆ ಓಡಿ, ಮೆತ್ತನೆ ಉಸುಕಿನಲ್ಲಿ ಮೊದಮೊದಲು ಬೇಡ, ಹಿಮ್ಮಡಿಯ ನರ ಹಿಡಿಯುತ್ತದೆ.